ಹಾಲಿನ ಕೋಶ ಎಣಿಸುವ ಯಂತ್ರಕ್ಕೆ ಬೇನೆ ಬಂದಾಗ

ನವಲಗುಂದ ತಾಲೂಕಿನ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆಯೂ ಕುಸುಬಿಯೂ ಕಾಳುಕಟ್ಟುವ ಕಾಲಕ್ಕೆ, ಹೊತ್ತು ಮುಳುಗುವ ಮುಂಚೆ, ಹಾಲಿನ ಡೇರಿಯ ಕಟ್ಟೆಯ ಮುಂದೆ ಕ್ಯಾನುಗಳನ್ನೂ ತಂಬಿಗೆಗಳನ್ನೂ ಹಿಡಿದು ನಿಲ್ಲುವ ಜನರ ಸಾಲನ್ನು ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು: ಬಾಯಿ ಮಳೆಯ ಮಾತನ್ನೋ ಮಲಪ್ರಭೆಯ ಕಾಲುವೆಯ ಮಾತನ್ನೋ ಆಡುತ್ತಿದ್ದರೂ ಅವರ ಕಣ್ಣುಗಳು ಮಾತ್ರ ಮೇಜಿನ ಮೇಲಿರುವ ಯಂತ್ರದ ಕಿರುಪರದೆಯಿಂದ ಕದಲುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಂಬ ಕೊಬ್ಬಲ್ಲದ ಘನಾಂಶ ಎಷ್ಟು ಎಂದು ಅಲ್ಲಿ ಮೂಡುವ ಅಂಕೆಯೇ ಆ ಮನೆಯ ವಾರದ ಸಂತೆ, ಹುಡುಗರ ಪಾಟಿಚೀಲ, ಹಿರಿಯರ ಔಷಧ. ಪಶುವೈದ್ಯನಾಗಿ ಕಲಘಟಗಿಯ ಕಾಡಂಚಿನಿಂದ ಅಣ್ಣಿಗೇರಿಯ ಬಯಲಿನವರೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ತಿರುಗಿದ ನಾನು ಆ ಸಾಲಿನಲ್ಲಿ ಬಗೆಬಗೆಯ ದುಃಖಗಳನ್ನು ಕಂಡಿದ್ದೇನೆ. ಆದರೆ ನಿವೃತ್ತನಾದ ಮೇಲೆ ಒಂದು ಸಂಜೆ ಕಂಡ ದುಃಖವು ಹೊಸ ಜಾತಿಯದಾಗಿದ್ದಿತು. ಅದಕ್ಕೆ ಮದ್ದನ್ನು ಪಶುವೈದ್ಯಶಾಸ್ತ್ರದಲ್ಲಿ ಅಲ್ಲ, ಬೇರೆ ಕಡೆಯಲ್ಲಿ ಹುಡುಕಬೇಕೆಂದು ಅಂದಿನಿಂದಲೂ ನನಗೆ ಅನಿಸುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಆ ಡೇರಿಯನ್ನು ನಡೆಸುವ ಹಾಲಿನ ಸಂಘದವರು ಫ್ಯಾಟ್ ನೋಡುವ ಯಂತ್ರದ ಪಕ್ಕದಲ್ಲಿ ಹೊಸತೊಂದು ಪೆಟ್ಟಿಗೆಯನ್ನು ತಂದಿಟ್ಟಿದ್ದರು. ಹಾಲಿನಲ್ಲಿರುವ ಕೋಶಗಳನ್ನು ಎಣಿಸಿ, ಕಣ್ಣಿಗೆ ಕಾಣದ ಕೆಚ್ಚಲು ಬಾವನ್ನು ಮುಂಚಿತವಾಗಿಯೇ ತಿಳಿಸುವ ಉಪಕರಣವದು. ಒಬ್ಬ ವೃದ್ಧೆಯ ಎಮ್ಮೆಯ ಹಾಲಿಗೆ ಅದು ಮಿಲಿಲೀಟರಿಗೆ 12 ಲಕ್ಷ ಕೋಶಗಳೆಂದು ಚೀಟಿ ಮುದ್ರಿಸಿ ಕೊಟ್ಟಿದ್ದಿತು. ಹಿಂದೆ ನಿಂತಿದ್ದವರು ಆ ಹಾಲನ್ನು ಕ್ಯಾನಿನಲ್ಲಿ ಕೂಡಿಸಬೇಡಿರೆಂದರು. ಆಕೆ ನನ್ನತ್ತ ತಿರುಗಿ, "ಯಪ್ಪಾ ಡಾಕ್ಟರ್ರ, ಈ ಎಮ್ಮಿ ಹಾಲ ನಮ್ಮ ಮನ್ಯಾಗ ಸಣ್ಣ ಕೂಸು ಕುಡೀತೈತಿ. ಇದರಾಗ ಕೀವು ಐತಿ ಅಂತ ಈ ಡಬ್ಬಿ ಹೇಳಿದ್ರ ನಾ ಹ್ಯಾಂಗ ನಂಬಲಿ?" ಎಂದಳು. ಎಮ್ಮೆಯನ್ನು ನೋಡಲು ಆಕೆಯ ಮನೆಗೇ ಹೋದೆನು. ಕೆಚ್ಚಲು ಮೃದುವಾಗಿದ್ದಿತು, ಕಾವಿಲ್ಲ, ಗಂಟಿಲ್ಲ, ಹಾಲಿನಲ್ಲಿ ಚೂರಿಲ್ಲ, ಎಳೆಯಿಲ್ಲ. ನನ್ನ ಹಳೆಯ ಚೀಲದಲ್ಲಿ ಈಗಲೂ ಇರುವ ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನೂ ಬೇರೆಬೇರೆಯಾಗಿ ಹಿಂಡಿ, ಪರೀಕ್ಷಾದ್ರವವನ್ನು ಬೆರೆಸಿ ಅಲುಗಿಸಿದೆನು. ಒಂದು ಬಟ್ಟಲಿನಲ್ಲಿಯೂ ಲೋಳೆ ಕಟ್ಟಲಿಲ್ಲ. ತಿರುಗಿ ಡೇರಿಗೆ ಬಂದು, ಕಾರ್ಯದರ್ಶಿಯ ಸ್ವಂತ ಆಕಳ ಹಾಲನ್ನೇ ಯಂತ್ರಕ್ಕೆ ಕೊಡಿಸಿದಾಗ ಅದು 14 ಲಕ್ಷವೆಂದಿತು, ಇನ್ನೊಬ್ಬರದಕ್ಕೆ 13. ಆಗ ಎಲ್ಲರಿಗೂ ತಿಳಿಯಿತು, ಬೇನೆ ಎಮ್ಮೆಗಲ್ಲ, ಯಂತ್ರಕ್ಕೆ ಎಂದು.

ಈ ಕೋಶಗಳು ಯಾವುವು, ಅವುಗಳನ್ನು ಎಣಿಸುವುದು ಏತಕ್ಕೆ ಎಂಬುದನ್ನು ಹೈನ ಮಾಡದ ಓದುಗರಿಗಾಗಿ ಇಲ್ಲಿ ಕೊಂಚ ವಿಸ್ತರಿಸಬೇಕು. ಸೊಮ್ಯಾಟಿಕ್ ಕೋಶಗಳೆಂದು ಶಾಸ್ತ್ರಜ್ಞರು ಕರೆಯುವ ಇವು ಹೊರಗಿನಿಂದ ಹಾಲಿಗೆ ಬಿದ್ದ ಕಲ್ಮಷವಲ್ಲ. ಪ್ರಾಣಿಯ ಸ್ವಂತ ಶರೀರದವು. ಕೆಚ್ಚಲಿನ ಒಳಪದರದಿಂದ ಉದುರುವ ಕೆಲವು, ಮಿಕ್ಕವು ರಕ್ತದಿಂದ ಇಳಿದುಬಂದ ಬಿಳಿಯ ಕಣಗಳು. ಆರೋಗ್ಯವಾದ ಮೊಲೆಯ ಹಾಲಿನಲ್ಲಿಯೂ ಅವು ಇದ್ದೇ ಇರುತ್ತವೆ, ಮಿಲಿಲೀಟರಿಗೆ 1 ಲಕ್ಷದೊಳಗೆ. ರೋಗಾಣು ಮೊಲೆಯ ತೂತಿನಿಂದ ಒಳಹೊಕ್ಕಾಗ ಅದನ್ನು ಎದುರಿಸುವುದಕ್ಕಾಗಿ ಬಿಳಿಯ ಕಣಗಳು ಗುಂಪುಗುಂಪಾಗಿ ಧಾವಿಸಿ ಬರುತ್ತವೆ. ಸಂಖ್ಯೆಯು 2 ಲಕ್ಷವನ್ನು ದಾಟಿತೆಂದರೆ, ಹೊರಗೆ ಚಿಹ್ನೆ ಕಾಣದಿದ್ದರೂ ಒಳಗೆ ಬಾವು ಇದೆಯೆಂದು ಊಹಿಸಬಹುದು. ಈ ಗುಪ್ತವಾದ ಕೆಚ್ಚಲು ಬಾವೇ ಹೈನಿನ ದೊಡ್ಡ ಕಳ್ಳ. ಇಳುವರಿ ತಗ್ಗುತ್ತದೆ, ಹಾಲಿನ ಸಕ್ಕರೆ ಕುಗ್ಗಿ ಉಪ್ಪಿನಂಶ ಏರುತ್ತದೆ, ಕೇಸೀನು ಕಡಮೆಯಾಗುತ್ತದೆ; ಮನೆಯವರು ಮಾತ್ರ ಹಿಂಡಿ ಸರಿಯಿಲ್ಲವೆಂದೋ ದೃಷ್ಟಿ ತಾಕಿತೆಂದೋ ತಿಳಿಯುತ್ತಾರೆ. ಯುರೋಪಿನ ದೇಶಗಳು 4 ಲಕ್ಷಕ್ಕೆ ಮೇಲ್ಪಟ್ಟ ಕೋಶಗಳಿರುವ ಹಸಿ ಹಾಲನ್ನು ಸ್ವೀಕರಿಸಬಾರದೆಂದು 1992ರಲ್ಲಿಯೇ ಗೆರೆ ಎಳೆದವು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಗೆರೆ 7.5 ಲಕ್ಷ. ಕರುಹಾಕಿದ ಮೊದಲ ದಿನಗಳಲ್ಲಿಯೂ ಹಾಲು ಬತ್ತಿಸುವ ಕೊನೆಯ ದಿನಗಳಲ್ಲಿಯೂ ಸಂಖ್ಯೆಯು ಸಹಜವಾಗಿಯೇ ಏರುವುದುಂಟು ಎಂಬುದನ್ನು ಇದರ ಜೊತೆಗೆ ನೆನಪಿಡಬೇಕು.

ಎಣಿಸುವ ವಿದ್ಯೆ ಹೊಸದಲ್ಲ. 1910ರಲ್ಲಿ ಪ್ರೆಸ್ಕಾಟ್ ಮತ್ತು ಬ್ರೀಡ್ ಎಂಬ ಇಬ್ಬರು ವಿದ್ವಾಂಸರು, ಮಿಲಿಲೀಟರಿನ ನೂರರಲ್ಲೊಂದು ಪಾಲು ಹಾಲನ್ನು ಗಾಜಿನ ಮೇಲೆ ಒಂದು ಚದರ ಸೆಂಟಿಮೀಟರಿನಷ್ಟು ಹರಡಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಲೆಕ್ಕಮಾಡುವ ಕ್ರಮವನ್ನು ತಿಳಿಸಿದರು. ನನ್ನ ಚೀಲದ ತಟ್ಟೆಯ ಪರೀಕ್ಷೆಯನ್ನು 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಶಾಲ್ಮ್ ಮತ್ತು ನೂರ್ಲಾಂಡರ್ ರೂಪಿಸಿದರು: ಸಾಬೂನಿನಂಥ ದ್ರವವು ಕೋಶಗಳ ಪೊರೆಯನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಲೋಳೆಯಾಗುತ್ತದೆ, ಲೋಳೆ ದಟ್ಟವಾದಷ್ಟೂ ಕೋಶಗಳು ಹೆಚ್ಚು. ಗಡಿಯಾಚೆಯ ಫೈಸಲಾಬಾದಿನ ಪಶುವೈದ್ಯರು ಇದನ್ನೇ ಬಡವರ ಕೈಗೆಟಕುವಂತೆ ಮಾಡಿ, ಬಟ್ಟೆ ಒಗೆಯುವ ಸರ್ಫ್ ಪುಡಿಯನ್ನು ನೂರಕ್ಕೆ ಮೂರರಂತೆ ನೀರಿನಲ್ಲಿ ಕದಡಿ ಸಮಪಾಲು ಹಾಲಿಗೆ ಸೇರಿಸಿದರೆ ಸಾಕೆಂದು ತೋರಿಸಿಕೊಟ್ಟರು. ಅದನ್ನು ಓದಿದ ಮೇಲೆ ಕಲಘಟಗಿಯ ಕಡೆಯ ಗೌಳಿವಾಡೆಗಳಲ್ಲಿ ನಾನು ಅದನ್ನು ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಅಕ್ಷರ ಬಾರದ ಗೌಳಿ ಹೆಣ್ಣುಮಕ್ಕಳು ಲೋಳೆಯನ್ನು ಬೆರಳಿನಿಂದ ಎತ್ತಿ ನೋಡಿ ನನಗಿಂತ ಚೆನ್ನಾಗಿ ತೀರ್ಪು ಹೇಳುತ್ತಿದ್ದರು. ಆ ಪರೀಕ್ಷೆಯ ಹಿರಿಮೆ ಇರುವುದು ಇಲ್ಲಿಯೇ. ತಪ್ಪಿದರೆ ತಪ್ಪಿದ್ದು ಎಲ್ಲರ ಕಣ್ಣೆದುರಿಗೇ ತಪ್ಪುತ್ತದೆ. ದ್ರವ ಹಳತಾಗಿದ್ದರೆ, ಹಾಲು ಹೆಚ್ಚು ಬಿದ್ದಿದ್ದರೆ, ಪಕ್ಕದಲ್ಲಿ ನಿಂತವರು ಸಹ ಹೇಳಬಲ್ಲರು.

ಪೆಟ್ಟಿಗೆಯ ಯಂತ್ರವಾದರೋ ಹಾಗಲ್ಲ. ಅದರೊಳಗೆ ಹಾಲಿಗೆ ಒಂದು ವರ್ಣದ್ರವ್ಯ ಬೆರೆಯುತ್ತದೆ. ಅದು ಕೋಶದ ಡಿಎನ್‌ಎಗೆ ಅಂಟಿಕೊಂಡು, ನಿರ್ದಿಷ್ಟ ಬಣ್ಣದ ಬೆಳಕು ಬಿದ್ದೊಡನೆ ಕೆಂಪಗೆ ಹೊಳೆಯುತ್ತದೆ. ಗಾಜಿನ ತೆಳ್ಳನೆಯ ಕಿಂಡಿಯೊಂದರ ಎದುರು ಹಾಲು ಬಂದು ನಿಂತಾಗ ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ಕಗ್ಗತ್ತಲೆಯ ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕೆಗಳನ್ನು ತಂತ್ರಾಂಶವು ಎಣಿಸುತ್ತದೆ. ಕೋಶವೊಂದರ ಅಗಲ ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲು. ಆ ಸಂಘದ ಯಂತ್ರವು ಒಂದು ಸಲಕ್ಕೆ ನೋಡುತ್ತಿದ್ದುದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಹಾಲನ್ನು. ಅಂದ ಮೇಲೆ ಅದು ಎಣಿಸಿದ ಒಂದೊಂದು ಚುಕ್ಕೆಯೂ ಚೀಟಿಯಲ್ಲಿ ಸಾವಿರವಾಗುತ್ತದೆ. ಕೋಶವಲ್ಲದ ಇನ್ನೂರು ಚುಕ್ಕೆಗಳನ್ನು ಅದು ತಪ್ಪಾಗಿ ಎಣಿಸಿತೆಂದರೆ ನೀರೋಗಿಯಾದ ಎಮ್ಮೆ ರೋಗಿಯೆನ್ನಿಸಿಕೊಳ್ಳುವುದಕ್ಕೆ ಅಷ್ಟೇ ಸಾಕು. ಈ ಗುಣಾಕಾರವನ್ನು ಸಾಲಿನಲ್ಲಿ ನಿಂತ ಒಬ್ಬರಿಗೂ ಯಾರೂ ತಿಳಿಸಿ ಹೇಳಿರಲಿಲ್ಲ.

ಯಂತ್ರದ ಪರದೆಯ ಮೇಲೆ ಆ ಸಂಜೆ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕೆಗಳೂ ಮಿನುಗುತ್ತಿದ್ದವು. ಕೈಪಿಡಿಯಲ್ಲಿ ಆ ಸಂಕೇತದ ಎದುರಿಗೆ ಬರೆದಿದ್ದುದು, ಸೇವಾಕೇಂದ್ರವನ್ನು ಸಂಪರ್ಕಿಸಿ ಎಂಬುದಿಷ್ಟೇ. ದೂರದ ನಗರದಿಂದ ಎಂಜಿನಿಯರು ಬಂದದ್ದು ಹತ್ತನೆಯ ದಿನ. ಕಾರ್ಯದರ್ಶಿಗಳು ಅಲ್ಲಿಯವರೆಗೆ ಯಂತ್ರವನ್ನು ನಿಲ್ಲಿಸಿದ್ದರು, ನಿಜ; ಆದರೆ ಮುದ್ರಿತವಾದ ಅಂಕೆಗೆ ಇರುವ ಗೌರವವು ಮುದಿ ಡಾಕ್ಟರನ ಬಾಯಿಮಾತಿಗೆ ಇರುವುದಿಲ್ಲವಾದುದರಿಂದ, ಆ ಚೀಟಿಯ ಸುದ್ದಿ ಓಣಿ ಓಣಿ ತಿರುಗಿ, ಆ ವೃದ್ಧೆ ಹತ್ತು ದಿನ ಡೇರಿಯ ಕಟ್ಟೆಯನ್ನು ಹತ್ತಲಿಲ್ಲ. ಹಾಲನ್ನು ಚಹಾದಂಗಡಿಗೆ ಕೊಟ್ಟಳು, ಅವರು ಕೊಟ್ಟಷ್ಟಕ್ಕೆ. ಒಂದು ಎಮ್ಮೆಯ ಮೇಲೆ ನಡೆಯುವ ಸಂಸಾರಕ್ಕೆ ಹತ್ತು ದಿನವೆಂದರೆ ಸಣ್ಣ ಕಾಲವಲ್ಲ.

ಬಂದ ಎಂಜಿನಿಯರು ವಿನಯವಂತನಾದ ತರುಣ. ಅವನು ಲ್ಯಾಪ್‌ಟಾಪನ್ನು ತೆರೆದು, ತಂತಿಯೊಂದನ್ನು ಯಂತ್ರಕ್ಕೆ ಜೋಡಿಸಿ, ಗುಪ್ತಪದವನ್ನು ಒತ್ತಿ, ದೋಷಶೋಧನೆಯ ತಂತ್ರಾಂಶವನ್ನು ನಡೆಸಿದನು. ಆಗ ನನಗೆ ಕಾಣಸಿಕ್ಕಿದ ನೋಟವನ್ನು ನಾನು ಮರೆಯಲಾರೆ. ಯಂತ್ರದ ಅಂತರಂಗವೆಲ್ಲ ಆ ಪರದೆಯ ಮೇಲೆ ಬಿಚ್ಚಿಕೊಂಡಿತು: ದೀಪದ ಕಾಂತಿ ಎಷ್ಟಿದೆ, ಪಂಪು ಒಂದು ಎಳೆತಕ್ಕೆ ಎಷ್ಟು ಹಾಲನ್ನು ಎತ್ತುತ್ತಿದೆ, ಒಳಗಿನ ಉಷ್ಣತೆ ಎಷ್ಟು, ವರ್ಣದ್ರವ್ಯದ ಅವಧಿ ಎಂದಿಗೆ ಮುಗಿಯುತ್ತದೆ, ಚುಕ್ಕೆಯನ್ನು ಕೋಶವೆಂದು ಒಪ್ಪಿಕೊಳ್ಳುವುದಕ್ಕೆ ಅದು ಎಷ್ಟು ಹೊಳೆಯಬೇಕು, ವಿದ್ಯುತ್ತಿನ ಒತ್ತಡ ಎಷ್ಟು ಸಲ ಕುಸಿದಿದೆ. ಅವೆಲ್ಲಕ್ಕಿಂತ ಮಿಗಿಲಾಗಿ, ಕ್ಯಾಮೆರಾ ತೆಗೆದ ಚಿತ್ರವೇ ಅಲ್ಲಿದ್ದಿತು. ಅವನು ಹಾಲಿನ ಬದಲಿಗೆ ಬಟ್ಟಿ ಇಳಿಸಿದ ಶುದ್ಧಜಲವನ್ನು ಕೊಟ್ಟನು. ನೀರಿನಲ್ಲಿ ಕೋಶವೆಲ್ಲಿಯದು? ಆದರೂ ಪರದೆಯ ಮೇಲೆ ಚುಕ್ಕೆಗಳು ಬಯಲಿನ ಅಮಾವಾಸ್ಯೆಯ ನಕ್ಷತ್ರಗಳಂತೆ ಮೂಡಿದವು. ಮತ್ತೊಮ್ಮೆ ನೀರು ಕೊಟ್ಟನು. ಅವೇ ಚುಕ್ಕೆಗಳು, ಅವೇ ಸ್ಥಾನಗಳಲ್ಲಿ. ಹರಿಯುವ ಹಾಲಿನ ಕೋಶವು ಎರಡು ಚಿತ್ರಗಳಲ್ಲಿ ಒಂದೇ ಕಡೆ ನಿಂತಿರಲಾರದು. ಕದಲದೆ ನಿಂತದ್ದು ಗಾಜಿಗೆ ಅಂಟಿದ ಕಲೆಯಲ್ಲದೆ ಬೇರೆಯಲ್ಲ. ಇಷ್ಟನ್ನು ಅರಿಯುವುದಕ್ಕೆ ಎಂಜಿನಿಯರಾಗಬೇಕಾಗಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿಯು ಅವನು ಬಾಯಿ ತೆರೆಯುವ ಮುಂಚೆಯೇ, "ಸರ್, ಇವು ಮೊದಲಿನವೇ ಅದಾವಲ್ರಿ" ಎಂದಳು.

ಕಲೆ ಬಂದದ್ದು ಎಲ್ಲಿಂದ? ನವಲಗುಂದದ ಕಡೆಯವರು ಉತ್ತರವನ್ನು ಆಗಲೇ ಊಹಿಸಿರಬೇಕು. ಈ ಬಯಲಿನ ಕೊಳವೆ ಬಾವಿಗಳ ನೀರು ಸವಳು. ಸೋಪು ನೊರೆಗಟ್ಟುವುದಿಲ್ಲ, ಬೇಳೆ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂರುತ್ತದೆ. ಯಂತ್ರವನ್ನು ತೊಳೆಯಬೇಕಾದದ್ದು ಶುದ್ಧಜಲದಲ್ಲಿ. ಶುದ್ಧಜಲದ ಡಬ್ಬಿ ಮುಗಿದಾಗ ಒಂದೆರಡು ವಾರ ನಲ್ಲಿಯ ನೀರಿನಲ್ಲಿ ತೊಳೆದಿದ್ದರು. ಸವಳಿನ ಪೊರೆಯ ಮೇಲೆ ಹಾಲಿನ ಅಂಶ ಕೂತು, ಅದು ವರ್ಣದ್ರವ್ಯವನ್ನು ಹೀರಿ, ಕೋಶದಂತೆ ಹೊಳೆಯತೊಡಗಿದ್ದಿತು. ತೊಳೆಯುವ ಆಮ್ಲದ್ರಾವಣವನ್ನು ಎರಡು ಸಲ ಹರಿಸಿ ಗಾಜನ್ನು ಶುದ್ಧಮಾಡಿದ ಮೇಲೆ ಖಾಲಿ ನೀರಿನ ಅಂಕೆ ಮೂರು ಸಾವಿರಕ್ಕೆ ಇಳಿಯಿತು. ಹತ್ತು ದಿನಗಳ ಅಪಮಾನಕ್ಕೆ ಕಾಲು ಗಂಟೆಯ ಚಿಕಿತ್ಸೆ!

ಆ ಕಾಲು ಗಂಟೆಯ ತಂತ್ರಾಂಶವು ಯಂತ್ರದ ಜೊತೆಯಲ್ಲಿಯೇ, ಕನ್ನಡದಲ್ಲಿ, ಡೇರಿಯ ಮೇಜಿನ ಮೇಲೆಯೇ ಮೊದಲ ದಿನದಿಂದ ಇರಬೇಕಾಗಿದ್ದಿತು ಎಂಬುದೇ ನನ್ನ ವಾದ. ಅದು ಇಲ್ಲದ ಕಡೆಯಲ್ಲಿ ಕೋಶಗಣನೆಯ ಅಂಕೆಯನ್ನು ಹಾಲಿನ ದರಕ್ಕಾಗಲಿ, ಹಾಲನ್ನು ತಿರಸ್ಕರಿಸುವುದಕ್ಕಾಗಲಿ ಬಳಸತಕ್ಕದ್ದಲ್ಲ. ರೈತನ ಎಮ್ಮೆಯನ್ನು ಪರೀಕ್ಷಿಸುವ ಅಧಿಕಾರ ಯಂತ್ರಕ್ಕೆ ಇರುವುದಾದರೆ ಯಂತ್ರವನ್ನು ಪರೀಕ್ಷಿಸುವ ಅಧಿಕಾರ ರೈತನ ಸಂಘಕ್ಕೆ ಇರಲೇಬೇಕು. ತೂಕದ ಕಾಟಾದ ವಿಷಯದಲ್ಲಿ ನಾವು ಈ ನ್ಯಾಯವನ್ನು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆ. ಸರ್ಕಾರದ ಮುದ್ರೆ ಬೀಳದ ಕಾಟಾದಲ್ಲಿ ಕಡಲೆಯನ್ನೂ ಹೆಸರನ್ನೂ ತೂಗುವಂತಿಲ್ಲ, ಮತ್ತು ತಕ್ಕಡಿ ಖಾಲಿಯಿದ್ದಾಗ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ಅಣ್ಣಿಗೇರಿಯ ಪೇಟೆಯಲ್ಲಿ ಯಾವ ರೈತನೂ ಚೀಲವನ್ನು ಇಳಿಸುವುದಿಲ್ಲ. ಖಾಲಿ ನೀರಿನ ಪರೀಕ್ಷೆಯೆಂದರೆ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುವುದೇ.

ಯಂತ್ರ ತಯಾರಿಸುವವರು ಇದಕ್ಕೆ ಒಂದು ಆಕ್ಷೇಪವನ್ನು ಎತ್ತುತ್ತಾರೆ. ಅದನ್ನು ಅಲಕ್ಷ್ಯ ಮಾಡತಕ್ಕದ್ದಲ್ಲ. ತಂತ್ರಾಂಶದ ಬೀಗವನ್ನು ತೆಗೆದರೆ ಅರಿಯದ ಕೈಗಳು ಅಳತೆಯ ಗುಣಕಗಳನ್ನು ತಿರುಚಿಬಿಡುವವು, ಬೇಕಾದವರ ಹಾಲಿಗೆ ಒಳ್ಳೆಯ ಅಂಕೆ, ಬೇಡದವರದಕ್ಕೆ ಕೆಟ್ಟ ಅಂಕೆ ಬರುವಂತೆ ಮಾಡುವವು ಎಂಬುದು ಅವರ ಭಯ. ಹಳ್ಳಿಯ ರಾಜಕಾರಣವನ್ನು ಬಲ್ಲ ನಾನು ಈ ಭಯ ನಿರಾಧಾರವೆಂದು ಹೇಳಲಾರೆ. ಆದರೆ ನೋಡುವುದು ಬೇರೆ, ತಿದ್ದುವುದು ಬೇರೆ. ಗುಣಕಗಳ ಕೋಣೆಗೆ ಬೀಗವಿರಲಿ, ಆ ಬೀಗವನ್ನು ಯಾರು ಯಾವ ದಿನ ತೆಗೆದರೆಂಬುದು ಅಳಿಸಲಾಗದಂತೆ ದಾಖಲಾಗಲಿ. ಚಿತ್ರವನ್ನು, ಉಷ್ಣತೆಯನ್ನು, ದೀಪದ ಕಾಂತಿಯನ್ನು, ದ್ರವ್ಯದ ಅವಧಿಯನ್ನು ನೋಡುವ ಕಿಟಕಿ ಮಾತ್ರ ಸದಾ ತೆರೆದಿರಲಿ. ಜ್ವರಮಾಪಕವನ್ನು ತಾಯಿಯ ಕೈಗೆ ಕೊಟ್ಟ ಮಾತ್ರಕ್ಕೆ ಆಕೆ ಶಸ್ತ್ರಚಿಕಿತ್ಸೆಗೆ ಕೈಹಾಕುವುದಿಲ್ಲ. ವರ್ಣದ್ರವ್ಯವು ಡಿಎನ್‌ಎಗೆ ಅಂಟುವ ಸ್ವಭಾವದ್ದಾದುದರಿಂದ ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಉಳಿದದ್ದನ್ನು ತಿಪ್ಪೆಗೆ ಚೆಲ್ಲಬಾರದು ಎಂಬ ಎಚ್ಚರಿಕೆಯೂ ಅದೇ ಕಿಟಕಿಯಲ್ಲಿ, ಅದೇ ಕನ್ನಡದಲ್ಲಿ ಬರಬೇಕು. ಇಂದು ಅದು ಕೈಪಿಡಿಯ ಕೊನೆಯ ಪುಟದ ಇಂಗ್ಲಿಷಿನಲ್ಲಿ ಹೂತುಹೋಗಿದೆ.

ದುರಸ್ತಿಯ ಹಕ್ಕು ಎಂಬ ಮಾತು ಈಗ ಜಗತ್ತಿನಲ್ಲಿ ಪರದೇಶಿಯಾಗಿ ಉಳಿದಿಲ್ಲ. ಅಮೆರಿಕದ ಕೊಲರಾಡೊ ಸಂಸ್ಥಾನವು 2023ರಲ್ಲಿ ಮಾಡಿದ ಶಾಸನದಂತೆ, ಕೃಷಿಯಂತ್ರಗಳನ್ನು ತಯಾರಿಸುವವರು ಅವುಗಳ ಬಿಡಿಭಾಗಗಳನ್ನೂ ಕೈಪಿಡಿಗಳನ್ನೂ ದೋಷಶೋಧನೆಯ ತಂತ್ರಾಂಶವನ್ನೂ ರೈತರಿಗೆ ದೊರಕಿಸಿಕೊಡಬೇಕು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ಇದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಮೊದಲಿಗೆ ಆರಿಸಿಕೊಂಡ ನಾಲ್ಕು ವರ್ಗಗಳಲ್ಲಿ ಕೃಷಿ ಉಪಕರಣಗಳು ಒಂದು. ಟ್ರ್ಯಾಕ್ಟರು ಕೃಷಿ ಉಪಕರಣವಾದರೆ ಡೇರಿಯ ಮೇಜಿನ ಮೇಲಿನ ಯಂತ್ರವೂ ಕೃಷಿ ಉಪಕರಣವೇ. ಅದನ್ನು ಕೊಳ್ಳುವಾಗಲೇ ಈ ಷರತ್ತನ್ನು ಕರಾರಿನಲ್ಲಿ ಬರೆಯಿಸುವ ಶಕ್ತಿ ಒಂದು ಹಳ್ಳಿಯ ಸಂಘಕ್ಕೆ ಇರುವುದಿಲ್ಲ, ಸಾವಿರಾರು ಸಂಘಗಳು ಒಂದಾಗಿ ಕಟ್ಟಿಕೊಂಡ ಮಹಾಮಂಡಲಕ್ಕೂ ಒಕ್ಕೂಟಗಳಿಗೂ ಇರುತ್ತದೆ. ಧಾರವಾಡದ ಲಕಮನಹಳ್ಳಿಯಲ್ಲಿ ನಮ್ಮದೇ ಒಕ್ಕೂಟದ ಡೇರಿ ಇರುವುದು ಇಂಥ ಕೆಲಸಕ್ಕಾಗಿಯೂ ಅಲ್ಲವೇ?

ಕನ್ನಡದ ಮಾತು ಬಂದಾಗ, ಯಂತ್ರದ ಭಾಷೆ ಅಷ್ಟು ದೊಡ್ಡ ವಿಷಯವೇ ಎಂದು ಕೇಳುವವರುಂಟು. ಅವರಿಗೆ ನಮ್ಮ ಕಡೆಯದೇ ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇನೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇದನ್ನು ನಮಗೆ ತಿಳಿಸಿದ್ದು ಇಂದಿನ ತೆಲಂಗಾಣದ ಕರೀಂನಗರದ ಕಡೆ, ಕುರಿಕ್ಯಾಲದ ಬಂಡೆಯ ಮೇಲೆ, ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನ. ಆ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಸಾವಿರ ವರ್ಷಗಳಿಗೂ ಹಿಂದೆ, ಉಳಿಯಿಂದ ಒಂದೊಂದೇ ಅಕ್ಷರವನ್ನು ಕಡೆಯಬೇಕಾಗಿದ್ದ ಕಾಲದಲ್ಲಿ, ಒಂದು ಬಂಡೆಯನ್ನು ಮೂರು ಭಾಷೆಗಳಲ್ಲಿ ಮಾತಾಡಿಸಿದರು. ಬೆರಳೊತ್ತಿನಲ್ಲಿ ಅಕ್ಷರ ಬದಲಾಗುವ ಪರದೆಯ ಮೇಲೆ ಎರಡನೆಯ ಭಾಷೆ ಕಷ್ಟವೆಂಬ ನೆಪವನ್ನು ನಾನು ಒಪ್ಪಲಾರೆ. ಭಾಷಾಂತರಕ್ಕೆ ನಿಘಂಟುಗಳನ್ನು ಹುಡುಕಿ ಕಠಿಣ ಪದಗಳನ್ನು ಹೊಸೆಯುವುದೂ ಬೇಡ. ಗಾಜಿನ ಮೇಲೆ ಕಲೆ ಕೂತಿದೆ, ತೊಳೆಯಿರಿ. ಹಾಲು ತಣ್ಣಗಿದೆ, ಬೆಚ್ಚಗೆ ಮಾಡಿ ಮೆಲ್ಲಗೆ ಅಲುಗಿಸಿ. ನೊರೆ ಇದೆ, ತುಸು ಹೊತ್ತು ಬಿಡಿ. ಬಣ್ಣದ ಅವಧಿ ಮುಗಿದಿದೆ. ಇದೇ ಹಾಲನ್ನು ಮೂರು ಸಲ ಎಣಿಸಿ ನೋಡಿ, ಅಂಕೆಗಳು ದೂರದೂರವಿದ್ದರೆ ಚೀಟಿ ಕೊಡಬೇಡಿ. ಡೇರಿಯ ಹುಡುಗಿ ತನ್ನ ತಂಗಿಗೆ ಹೇಳಿಕೊಡುವಂಥ ಮಾತುಗಳಿವು. ಇಂಥ ಐವತ್ತು ವಾಕ್ಯಗಳಿದ್ದರೆ ದೋಷಗಳ ಬಹುಪಾಲು ಹಳ್ಳಿಯಲ್ಲಿಯೇ ತೀರುತ್ತದೆ. ಉಳಿದದ್ದಕ್ಕೆ ಎಂಜಿನಿಯರು ಬರಲಿ, ಬರುವಾಗ ಯಾವ ಬಿಡಿಭಾಗವನ್ನು ತರಬೇಕೆಂಬುದನ್ನು ತಿಳಿದೇ ಬರಲಿ.

ನಮ್ಮ ಎಮ್ಮೆಗಳ ವಿಷಯವಾಗಿ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಈ ಯಂತ್ರಗಳ ಅಳತೆಯನ್ನು ಬಹುಮಟ್ಟಿಗೆ ಆಕಳ ಹಾಲಿನ ಮೇಲೆ ಕಟ್ಟಿರುತ್ತಾರೆ. ನಮ್ಮಲ್ಲಿ ಸಾಲಿನಲ್ಲಿ ಬರುವುದು ಜರ್ಸಿ ಮತ್ತು ಎಚ್‌ಎಫ್ ಆಕಳುಗಳ ಹಾಲಿನ ಜೊತೆಗೆ, ಅದರ ಇಮ್ಮಡಿಯಷ್ಟು ಕೊಬ್ಬಿರುವ, ಕೊಬ್ಬಿನ ಗೋಲಿಗಳು ದಪ್ಪವಾಗಿರುವ ಎಮ್ಮೆ ಹಾಲು. ಕೊಬ್ಬು ಹೆಚ್ಚಾದಷ್ಟೂ, ಅದರಲ್ಲಿಯೂ ಹಾಲು ತಣಿದಾಗ, ಬಣ್ಣ ಸಮವಾಗಿ ಬೆರೆಯುವುದು ಕಷ್ಟ. ಕಲಘಟಗಿಯ ಮಳೆಗಾಲದ ಮುಂಜಾವಿನಲ್ಲಿ, ಕರೆಂಟು ಹೋಗಿ ಬಂದು ಮಾಡುತ್ತಿರುವಾಗ, ಅದು ಇನ್ನಷ್ಟು ಕಷ್ಟ. 2021ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿತು. ನಮ್ಮ ಕೃಷಿ ವಿಶ್ವವಿದ್ಯಾಲಯದ ವಿದ್ವಾಂಸರು ಅದಕ್ಕಾಗಿ ಶ್ರಮಿಸಿದರು, ಭೌಗೋಳಿಕ ಗುರುತು ಪಡೆದ ಧಾರವಾಡ ಪೇಢೆಯ ರುಚಿಯ ಮೂಲವೂ ಆ ಹಾಲೇ ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಮುಂದಿನ ಹೆಜ್ಜೆಯಾಗಿ, ಧಾರವಾಡಿ ಎಮ್ಮೆಯ ಹಾಲನ್ನು ಸೂಕ್ಷ್ಮದರ್ಶಕದ ಕೆಳಗೆ ಪ್ರೆಸ್ಕಾಟ್ ಮತ್ತು ಬ್ರೀಡರ ಕ್ರಮದಲ್ಲಿ ಎಣಿಸಿ, ಸಂಖ್ಯೆ ಗೊತ್ತಿರುವ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿ, ತಿಂಗಳಿಗೊಮ್ಮೆ ಹಳ್ಳಿಯ ಯಂತ್ರಗಳ ಮುಂದಿಟ್ಟು ಅವು ಸರಿಯಾಗಿ ಹೇಳುತ್ತವೆಯೇ ನೋಡಬೇಕು. ತಂತ್ರಾಂಶವು ಕಲೆಯನ್ನು ಕಂಡುಹಿಡಿಯಬಲ್ಲುದು. ಅಳತೆಯ ಬುಡವೇ ಓರೆಯಾಗಿದ್ದರೆ ಅದನ್ನು ಕಂಡುಹಿಡಿಯಲು ಇಂಥ ಸಾಕ್ಷಿ ಬೇಕು.

ಈ ಯಂತ್ರಗಳೇ ಬೇಡವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿಣ, ಸುಣ್ಣವನ್ನು ಅರೆದು ಲೇಪಿಸುವ ಕ್ರಮವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೇ ಈಗ ಪ್ರಚಾರ ಮಾಡುತ್ತಿದ್ದಾರೆ. ಗುಪ್ತ ಬಾವನ್ನು ಮೊದಲ ವಾರದಲ್ಲಿಯೇ ಹಿಡಿದರೆ, ಸೂಜಿಮದ್ದಿನ ವೆಚ್ಚವಿಲ್ಲದೆ, ಆಂಟಿಬಯಾಟಿಕ್ ಹಾಲಿಗೆ ಸೇರದೆ, ಇಂಥ ಉಪಚಾರಕ್ಕೂ ಶುಚಿಯಾದ ಕರೆಯುವಿಕೆಗೂ ಬಗ್ಗುವ ಸಂಭವ ಹೆಚ್ಚು. ಒಂದು ಮೊಲೆ ಕೆಟ್ಟುಹೋದ ಮೇಲೆ ನನ್ನನ್ನು ಕರೆಯಿಸಿದ ಮನೆಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಕುಂದಗೋಳದ ಕಡೆ ಒಂದು ಮನೆಯಲ್ಲಿ ಮಗಳ ಮದುವೆಗೆಂದು ಸಾಲ ಮಾಡಿ ತಂದ ಆಕಳ ಎರಡು ಮೊಲೆಗಳು ಬತ್ತಿಹೋಗಿದ್ದವು, ಹದಿನೈದು ದಿನ ಮುಂಚೆ ತಿಳಿದಿದ್ದರೆ ಉಳಿಸಬಹುದಾಗಿದ್ದಿತು. ಸರಿಯಾಗಿ ಎಣಿಸುವ ಯಂತ್ರವು ಅಂಥ ಮನೆಗೆ ದೇವರು ಕೊಟ್ಟ ಕಣ್ಣು. ಹಾಗಿರುವುದರಿಂದಲೇ ಅದು ತಪ್ಪು ಹೇಳಿ ಜನರ ವಿಶ್ವಾಸವನ್ನು ಕಳೆದುಕೊಳ್ಳುವುದನ್ನು ನಾನು ಸಹಿಸಲಾರೆ. ಒಮ್ಮೆ ಅಪಮಾನಪಟ್ಟ ಊರು ಮುಂದೆ ಯಂತ್ರ ನಿಜ ಹೇಳಿದಾಗಲೂ ನಂಬುವುದಿಲ್ಲ, ಆಗ ಬಾವು ಬಂದ ಆಕಳು ಅದರ ಫಲವನ್ನು ಅನುಭವಿಸುತ್ತದೆ. ಇಂದು ದರವು 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಎಂಬ ಲೆಕ್ಕದ ಮೇಲೆ ನಿಂತಿದೆ. ನಾಳೆ ಕೋಶಗಳ ಸಂಖ್ಯೆಯೂ ಆ ಪಟ್ಟಿಗೆ ಸೇರಬಹುದು, ಸೇರುವುದು ಹಾಲಿನ ಗುಣಕ್ಕೆ ಒಳ್ಳೆಯದೇ. ಕಿಟಕಿ ತೆರೆಯುವ ಕೆಲಸ ಅದಕ್ಕೆ ಮೊದಲು ಆಗಬೇಕು.

ಆ ತರುಣ ಎಂಜಿನಿಯರು ಹೊರಡುವಾಗ ಗುಪ್ತಪದವನ್ನು ಕೊಡುವ ಅಧಿಕಾರ ತನಗಿಲ್ಲವೆಂದು ಸಂಕೋಚದಿಂದ ಹೇಳಿ, ಬೀಗದ ಹೊರಗಿನಿಂದಲೇ ಮಾಡಬಹುದಾದಷ್ಟನ್ನು ಹುಡುಗಿಗೆ ಕಲಿಸಿ ಹೋದನು. ಈಗ ಅವಳು ಪ್ರತಿದಿನವೂ ಹಾಲು ಬರುವುದಕ್ಕೆ ಮುಂಚೆ ಶುದ್ಧಜಲವನ್ನು ಯಂತ್ರಕ್ಕೆ ಕೊಟ್ಟು, ಬಂದ ಅಂಕೆಯನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾಳೆ. ಹತ್ತು ಸಾವಿರ ದಾಟಿದರೆ ಆ ಹೊತ್ತು ಎಣಿಕೆ ಇಲ್ಲ. ಕಳೆದ ವಾರ ನಾನು ಹೋದಾಗ ಸಾಲಿನಲ್ಲಿ ಆ ವೃದ್ಧೆಯೂ ಇದ್ದಳು. ಓದು ಬಾರದ ಆಕೆ ಹಲಗೆಯ ಕಡೆಗೆ ಕೈ ತೋರಿಸಿ, "ಇವತ್ತ ಖಾಲಿ ಎಷ್ಟ ಬಂತವಾ?" ಎಂದು ಕೇಳಿದಳು. "ನಾಕು ಸಾವಿರ, ಆಯಿ" ಎಂದಳು ಹುಡುಗಿ. ಆಕೆ ತಂಬಿಗೆಯ ಮೇಲಿನ ಬಟ್ಟೆಯನ್ನು ತೆಗೆದು ಹಾಲನ್ನು ಮುಂದಕ್ಕೆ ಚಾಚಿದಳು.